ದರಕಿನಡಿಯ ಹುಳಕ್ಕೆ ಹೆಸರಿಡುವ ಕೆಲಸ

ಶಿರಸಿ ಸೀಮೆಯ ಸೊಪ್ಪಿನಬೆಟ್ಟದಲ್ಲಿ ಒಂದು ಬೊಗಸೆ ಹಸಿ ದರಕನ್ನು, ಅಂದರೆ ಉದುರಿದ ಎಲೆಗಳ ಕಸವನ್ನು, ಎತ್ತಿ ಬಿಳಿ ಬಟ್ಟೆಯ ಮೇಲೆ ಕೊಡವಿದರೆ ಮೊದಲು ದಿಕ್ಕಾಪಾಲಾಗಿ ಓಡುವುದು ಇರುವೆಗಳು. ಇರುವೆಯೆಂದೇ ಎಣಿಸಿದ್ದರಲ್ಲಿ ಒಂದೆರಡು ಓಡುತ್ತ ಓಡುತ್ತ ಬಾಲವನ್ನು ಚೇಳಿನಂತೆ ಮೇಲಕ್ಕೆತ್ತುತ್ತವೆ. ಅವು ಇರುವೆಗಳಲ್ಲ, ರೋವ್ ಜೀರುಂಡೆಗಳು. ಸ್ಟ್ಯಾಫಿಲಿನಿಡೇ ಎಂಬ ಈ ಕುಟುಂಬದಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳೇ 60,000ಕ್ಕೂ ಹೆಚ್ಚು. ಇಷ್ಟು ದೊಡ್ಡ ಬಳಗಕ್ಕೆ ಕನ್ನಡದಲ್ಲಿ ಬಳಕೆಯ ಹೆಸರಿಲ್ಲ. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಬಂದು, ಮೈಮೇಲೆ ಜಜ್ಜಿಕೊಂಡರೆ ಚರ್ಮ ಸುಟ್ಟಂತೆ ಮಾಡುವ ಕಪ್ಪು-ಕಿತ್ತಳೆ ಪೀಡೆರಸ್ ಮಾತ್ರ ‘ಆಸಿಡ್ ಹುಳ’ ಎಂದು ಕುಖ್ಯಾತ. ಅದೇ ಹುಳ ಗದ್ದೆಯಲ್ಲಿ ಭತ್ತದ ಜಿಗಿಹುಳುಗಳನ್ನು ತಿನ್ನುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗುರುತು ಹಿಡಿಯುವುದು ಸುಲಭ. ಮೇಲ್ರೆಕ್ಕೆಗಳು ಮೊಟಕು, ಗಿಡ್ಡ ಅಂಗಿ ತೊಟ್ಟ ಹಾಗೆ. ಉದರದ ಹೆಚ್ಚಿನ ಭಾಗ ಹೊರಗೇ ಇರುತ್ತದೆ. ಹಾರುವ ಉದ್ದ ರೆಕ್ಕೆಗಳು ಆ ಚೋಟುದ್ದದ ಮುಚ್ಚಳದಡಿ ಮಡಚಿ ಕೂತಿರುತ್ತವೆ. 2014ರಲ್ಲಿ ಜಪಾನಿನ ಸಂಶೋಧಕರು ಹೈಸ್ಪೀಡ್ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದಾಗ, ಒಂದೇ ಹುಳದ ಎಡ ಮತ್ತು ಬಲ ರೆಕ್ಕೆಗಳ ಮಡಿಕೆಯ ಗೆರೆಗಳೇ ಬೇರೆ ಬೇರೆ ಎಂದು ಕಂಡಿತು. ಉದರವನ್ನು ಅತ್ತಿತ್ತ ಬಾಗಿಸಿ ಹುಳ ರೆಕ್ಕೆಯನ್ನು ಒಳಕ್ಕೆ ತುರುಕಿಕೊಳ್ಳುತ್ತದೆ.

ಹೊಸ ಪ್ರಭೇದ ಕಾಡಿನಲ್ಲಿ ಸಿಗುತ್ತದೆ ಎನ್ನುವುದು ಅರ್ಧ ಸತ್ಯ. ಕಾಡಿನಲ್ಲಿ ಸಿಗುವುದು ಹುಳ, ಅಷ್ಟೇ. ಅದು ‘ಹೊಸದು’ ಆಗುವುದು ಹಳೆಯ ಪುಸ್ತಕ ಮತ್ತು ಹಳೆಯ ಪೆಟ್ಟಿಗೆಗಳ ಮುಂದೆ. ಭಾರತದ ರೋವ್ ಜೀರುಂಡೆಗಳಿಗೆ ಇಂದಿಗೂ ಆಧಾರವಾಗಿರುವುದು ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ಮಾಲ್ಕಮ್ ಕ್ಯಾಮರೂನ್ 1930ರಿಂದ 1939ರವರೆಗೆ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲಿಕೆಯಲ್ಲಿ ಹೊರತಂದ ಸಂಪುಟಗಳು. ಅವನ ದುಡಿಮೆ ಅಗಾಧವಾದದ್ದು, ತೊಡಕು ಅವನ ವರ್ಣನೆಗಳದು. ಬಣ್ಣ, ಹೊಳಪು, ಮೈಮೇಲಿನ ಕುಳಿಗಳ ದಟ್ಟಣೆ ಎಂದು ಕೆಲವೇ ಸಾಲು, ಇಂದು ನಿರ್ಣಾಯಕವೆನಿಸುವ ಜನನಾಂಗದ ಚಿತ್ರ ಬಹುತೇಕ ಇಲ್ಲ. ಹಾಗಾಗಿ ಅವನು ನೋಡಿದ ಮೂಲ ಮಾದರಿಯನ್ನೇ ಲಂಡನ್ನಿನ ವಸ್ತುಸಂಗ್ರಹಾಲಯದಿಂದ ಚಿತ್ರವಾಗಿಯೋ ಎರವಲಾಗಿಯೋ ತರಿಸಿ ಹೋಲಿಸಬೇಕು. ಈ ಹೆಜ್ಜೆ ತಪ್ಪಿಸಿದವರ ‘ಹೊಸ’ ಪ್ರಭೇದ ಮುಂದೆಂದೋ ಹಳೆಯದರ ಇನ್ನೊಂದು ಹೆಸರು ಎಂದು ಪಟ್ಟಿಯಿಂದ ಇಳಿಯುತ್ತದೆ.

ಮಾದರಿಗಳ ಜೊತೆಗಿರುವ ಹಳೆಯ ಸ್ಥಳದ ಚೀಟಿಗಳ ಕಾಟ ಇನ್ನೊಂದು. ‘ಕನಾರಾ’ ಎಂದಷ್ಟೇ ಬರೆದಿದ್ದರೆ ಅದು ಕಾರವಾರವೋ ಮಂಗಳೂರೋ? 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಚೀಟಿ ಮಾತ್ರ ಎರಡಕ್ಕೂ ಒಂದೇ. ಈಗ ಅಕ್ಷಾಂಶ-ರೇಖಾಂಶವನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಬರೆಯುತ್ತಾರೆ. ನಾಲ್ಕನೆಯ ಅಂಕಿ ಸುಮಾರು 11 ಮೀಟರ್. ಜೊತೆಗೆ ಎತ್ತರ, ದಿನಾಂಕ, ಹಿಡಿದ ವಿಧಾನ, ಮತ್ತು ರಾಮಪತ್ರೆ ಮರಗಳ ಜೌಗಾದ ಜಡ್ಡಿಯ ಅಂಚೋ ಅಡಿಕೆ ತೋಟದ ಗೊಬ್ಬರವೋ ಎಂಬ ವಿವರ.

ಹಿಡಿಯುವ ಉಪಕರಣ ಸರಳ. 8ರಿಂದ 10 ಮಿಲಿಮೀಟರ್ ಕಣ್ಣಿನ ಜಾಲರಿ ಇರುವ ಬಟ್ಟೆಚೀಲದಲ್ಲಿ ದರಕನ್ನು ಜಾಲಿಸಿ, ಕೆಳಗೆ ಬಿದ್ದ ನುಣುಪು ಕಸವನ್ನು ವಿಂಕ್ಲರ್ ಚೀಲದಲ್ಲಿ ಎರಡು ಮೂರು ದಿನ ತೂಗುಹಾಕುತ್ತಾರೆ. ಕಸ ಒಣಗುತ್ತ ಬಂದಂತೆ ಹುಳಗಳು ಕೆಳಗಿಳಿದು ಆಲ್ಕೋಹಾಲ್ ಬಟ್ಟಲಿಗೆ ಬೀಳುತ್ತವೆ. ಪುಸ್ತಕದ ಈ ಮಾತು ಆಷಾಢದ ಶಿರಸಿಯಲ್ಲಿ ನಡೆಯುವುದಿಲ್ಲ. ಹೊದ್ದ ಕಂಬಳಿಯೇ ಒಣಗದ ಹವೆಯಲ್ಲಿ ಚೀಲದ ಕಸ ಒಣಗೀತೇ? ಮೂರನೆಯ ದಿನಕ್ಕೆ ಬೂಷ್ಟು ಹಿಡಿದಿರುತ್ತದೆ, ಹುಳ ಒಳಗೇ ಉಳಿದಿರುತ್ತದೆ. ಬಲ್ಬಿನ ಶಾಖ ಕೊಟ್ಟು ಆಲಿಕೆಯಲ್ಲಿ ಇಳಿಸಬಹುದು. ಆದರೆ ಬಲ್ಬು ತೀರಾ ಹತ್ತಿರವಾದರೆ ಎರಡು ಮಿಲಿಮೀಟರಿನ ಹುಳಗಳು ದಾರಿ ಸಿಗುವ ಮೊದಲೇ ಬೆಂದು ಸಾಯುತ್ತವೆ. ಜೋರು ಮಳೆಯಲ್ಲಿ ಬಿಳಿ ತಟ್ಟೆಯ ಮೇಲೆ ಕೈಯಿಂದ ಆರಿಸುವುದೇ ಲೇಸು. ವಿಂಕ್ಲರ್‌ಗೆ ಮಳೆ ಹಿಂದೆ ಸರಿದು ನೆಲ ಇನ್ನೂ ತಂಪಿರುವ ಅಕ್ಟೋಬರ್–ನವೆಂಬರ್ ಸರಿಯಾದ ಹೊತ್ತು.

ಕರಾವಳಿಯ ಪಾಠ ಬೇರೆ. ಕಾರವಾರದ ದಂಡೆಯಲ್ಲಿ ಉಬ್ಬರ ಬಿಟ್ಟುಹೋದ ಕಡಲಪಾಚಿಯ ರಾಶಿ ಕೊಳೆಯುವಾಗ ಅದರಡಿ ನೊಣದ ಮರಿಗಳನ್ನು ಬೇಟೆಯಾಡುವ ರೋವ್ ಜೀರುಂಡೆಗಳನ್ನು ಹುಡುಕಬೇಕು. ಪ್ರಪಂಚದ ಹಲವು ಕಡಲತೀರಗಳಲ್ಲಿರುವ ಕೇಫಿಯಸ್ ಕುಲದ ಮನೆ ಇದೇ. ಮೇಲೆ ಹೇಳಿದ ಜಪಾನಿನ ರೆಕ್ಕೆ ಮಡಿಕೆಯ ಅಧ್ಯಯನವೂ ಈ ಕುಲದ ಹುಳದ್ದೇ. ಪಾಚಿಯನ್ನು ಬಕೆಟ್ ನೀರಿನಲ್ಲಿ ಅದ್ದಿದರೆ ಹುಳ ತೇಲುತ್ತವೆ. ಸಿಹಿನೀರಿನಲ್ಲಿ ತೊಳೆಯದೆ ಒಣಗಿಸಿದರೆ ಮೈಮೇಲೆ ಉಪ್ಪಿನ ಹರಳು ಕೂತು, ಸೂಕ್ಷ್ಮ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಆಲ್ಕೋಹಾಲಿನ ವಿಷಯದಲ್ಲಿ ಜಿಪುಣತನ ಬೇಡ. ಡಿಎನ್‌ಎ ಬೇಕಿದ್ದರೆ ಶೇ 95ಕ್ಕಿಂತ ಮೇಲಿರಲಿ. ಆದರೆ ಅದರಲ್ಲಿ ಹುಳ ಸೆಟೆದು ಕಾಲು, ಮೀಸೆ ಮುರಿಯುತ್ತವೆ. ಅಂಗರಚನೆಗೆ ಶೇ 70 ಹಿತ. ಒದ್ದೆ ಹುಳ ತುಂಬಿದ ಸೀಸೆಯಲ್ಲಿ ದ್ರಾವಣ ತೆಳುವಾಗುವುದರಿಂದ ಮಾರನೆಯ ದಿನವೇ ಬದಲಿಸಬೇಕು.

ಇನ್ನು ಸೂಕ್ಷ್ಮದರ್ಶಕದ ಮೇಜು. ರೋವ್ ಜೀರುಂಡೆಗಳಲ್ಲಿ ಹೊರನೋಟಕ್ಕೆ ಅವಳಿಗಳಂತಿರುವ ಪ್ರಭೇದಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಗಂಡಿನ ಜನನಾಂಗ. ಒಣಗಿದ ಹುಳವನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ, ಉದರದ ತುದಿಯ ಖಂಡಗಳನ್ನು ಸೂಜಿಯಿಂದ ಬಿಡಿಸಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಇಡುತ್ತಾರೆ. ಸ್ನಾಯು ಕರಗಿ ಗಟ್ಟಿ ಭಾಗ ಉಳಿಯುತ್ತದೆ. ತಣ್ಣಗೆ ಒಂದು ರಾತ್ರಿ, ಬಿಸಿಯಲ್ಲಾದರೆ ಕೆಲವೇ ನಿಮಿಷ. ಆತುರಕ್ಕೆ ಬಿಸಿಮಾಡಿ ಮರೆತರೆ ಒಳಗಿನ ತೆಳುಪೊರೆಯ ಚೀಲವೂ ಪಾರದರ್ಶಕವಾಗಿ ಮಾಯವಾಗುತ್ತದೆ. ಎಷ್ಟೋ ಸಲ ಪ್ರಭೇದದ ಗುಟ್ಟು ಇರುವುದು ಅಲ್ಲೇ. ಬಳಿಕ ನೀರು, ಒಂದು ಹನಿ ಅಸಿಟಿಕ್ ಆಮ್ಲ, ಕೊನೆಗೆ ಗ್ಲಿಸರಿನ್. ಡಿಎನ್‌ಎಗೆ ಬೇಕಾದ ಕಾಲನ್ನು ಇದೆಲ್ಲಕ್ಕೂ ಮೊದಲೇ ತೆಗೆದಿಟ್ಟಿರಬೇಕು, ಕ್ಷಾರ ಡಿಎನ್‌ಎಯನ್ನು ಹಾಳುಮಾಡುತ್ತದೆ.

ಅಳತೆಯಲ್ಲೂ ಒಂದು ಮೋಸವಿದೆ. ಈ ಹುಳದ ಉದರ ದೂರದರ್ಶಕದ ಕೊಳವೆಗಳ ಹಾಗೆ ಒಂದರೊಳಗೊಂದು ಸರಿಯುತ್ತದೆ. ಸತ್ತಾಗ ಹಿಗ್ಗಿತ್ತೋ ಕುಗ್ಗಿತ್ತೋ ಎಂಬುದರ ಮೇಲೆ ಒಟ್ಟು ಉದ್ದ ಬದಲಾಗುತ್ತದೆ. ಅದಕ್ಕೇ ಬಲ್ಲವರು ತಲೆಯ ಮುಂದಂಚಿನಿಂದ ಮೇಲ್ರೆಕ್ಕೆಯ ಕೊನೆಯವರೆಗಿನ ಮುಂಗಾಯದ ಉದ್ದವನ್ನೂ ಕೊಡುತ್ತಾರೆ. ಬಣ್ಣವನ್ನೂ ನಂಬಬಾರದು. ಕೋಶದಿಂದ ಆಗಷ್ಟೇ ಹೊರಬಂದ ಹುಳ ಕೆಲದಿನ ಪೇಲವವಾಗಿದ್ದು, ಬೇರೆಯದೇ ಪ್ರಭೇದದಂತೆ ಕಾಣುತ್ತದೆ. ಕೆಲವು ಕುಲಗಳಲ್ಲಿ ಚೆನ್ನಾಗಿ ಮೇದು ಬೆಳೆದ ಗಂಡಿನ ಕೊಂಬು ಉದ್ದ, ಬಡವನದು ಮೊಟಕು. ಒಂದೇ ಒಂದು ಹುಳ ಹಿಡಿದು ಹೆಸರಿಡಲು ಹೊರಡುವುದು ಈ ಕಾರಣಕ್ಕೇ ಸಾಹಸ.

ಹೆಸರಿಗೆ ಕಟ್ಟುಪಾಡುಗಳಿವೆ. ಪ್ರಾಣಿನಾಮಗಳ ಲೆಕ್ಕ ಶುರುವಾಗುವುದು 1758ರಿಂದ, ಲಿನೇಯಸ್‌ನಿಂದ. ಊರಿನ ಹೆಸರಿಗೆ ‘ಎನ್ಸಿಸ್’ ಹಚ್ಚಿದರೆ ಶಿರಸಿ ‘ಶಿರಸಿಯೆನ್ಸಿಸ್’ ಆದೀತು. ಬಣ್ಣದ ಹೆಸರಾದರೆ ಕುಲದ ಹೆಸರಿನ ವ್ಯಾಕರಣದ ಲಿಂಗ ನೋಡಬೇಕು: ಕಪ್ಪು ಎನ್ನಲು ಫಿಲೊಂಥಸ್ ಜೊತೆ ‘ನೈಗರ್’, ಅಲಿಯೋಕಾರಾ ಜೊತೆ ‘ನೈಗ್ರಾ’, ಲ್ಯಾಥ್ರೋಬಿಯಂ ಜೊತೆ ‘ನೈಗ್ರಮ್’. ಅದೇ ಕುಲದಲ್ಲಿ ಆ ಹೆಸರು ಮೊದಲೇ ಬಳಕೆಯಾಗಿದ್ದರೆ ಹೊಸತು ಉಳಿಯುವುದಿಲ್ಲ. 2000ದಿಂದೀಚೆಗೆ ‘ಹೊಸ ಪ್ರಭೇದ’ ಎಂದು ಸ್ಪಷ್ಟವಾಗಿ ಬರೆಯದಿದ್ದರೆ, ಮೂಲ ಮಾದರಿಯಾದ ಹೋಲೋಟೈಪನ್ನು ಗೊತ್ತುಪಡಿಸದಿದ್ದರೆ, ಅದು ಯಾವ ಸಂಗ್ರಹದಲ್ಲಿ ಇರುತ್ತದೆ ಎಂದು ಹೇಳದಿದ್ದರೆ ಹೆಸರಿಗೆ ಮಾನ್ಯತೆಯೇ ಇಲ್ಲ. ಅಂತರ್ಜಾಲದಲ್ಲಷ್ಟೇ ಪ್ರಕಟವಾಗುವುದಾದರೆ ಪ್ರಾಣಿನಾಮಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕಿನಲ್ಲಿ ನೋಂದಣಿಯೂ ಬೇಕು.

ಭಾರತದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡವರು ಗೊತ್ತುಮಾಡಿದ ಸಂಸ್ಥೆಗೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಸಂರಕ್ಷಿತ ಕಾಡಿನಿಂದ ದರಕು ಜಾಲಿಸಲು ಅರಣ್ಯ ಇಲಾಖೆಯ ಅನುಮತಿಯೂ ಮೊದಲೇ ಬೇಕು. ಕೊನೆಗೆ ತ್ರಿಕೋನ ಕಾಗದದ ತುದಿಗೆ ಅಂಟಿಸಿದ ಹುಳ, ಅದರ ಕೆಳಗೆ ಜನನಾಂಗ ಹುದುಗಿಸಿದ ಪ್ಲಾಸ್ಟಿಕ್ ಪಟ್ಟಿ, ಅದರ ಕೆಳಗೆ ಸ್ಥಳದ ಚೀಟಿ, ಎಲ್ಲಕ್ಕೂ ಕೆಳಗೆ ಹೋಲೋಟೈಪಿನ ಕೆಂಪು ಚೀಟಿ, ಎಲ್ಲವೂ ಒಂದೇ ಸೂಜಿಯಲ್ಲಿ. ಉಳಿದ ಮಾದರಿಗಳಿಗೆ ಹಳದಿ ಚೀಟಿ ಚುಚ್ಚಿ ಎರಡು ಮೂರು ಬೇರೆ ಬೇರೆ ಊರುಗಳ ಸಂಗ್ರಹಗಳಿಗೆ ಹಂಚುವುದು ವಾಡಿಕೆ. ಒಂದು ಪೆಟ್ಟಿಗೆಗೆ ಬೂಷ್ಟೋ ಒಣ ಮಾದರಿಗಳನ್ನು ತಿನ್ನುವ ಮ್ಯೂಸಿಯಂ ಜೀರುಂಡೆಯೋ ಹೊಕ್ಕರೂ ಇನ್ನೊಂದು ಉಳಿದಿರುತ್ತದೆ.