ರಿಮ್ ಹರಿದರೆ ಕೊಕ್ಕೆಯನ್ನೇ ಬೈಯಬೇಡಿ

ಬೋಲ್ಟ್ ಆಕ್ಷನ್ ರೈಫಲ್ ಅಂದರೆ ಪ್ರತಿ ಈಡಿಗೂ ಬೋಲ್ಟ್ ಅನ್ನುವ ಉಕ್ಕಿನ ಅಗುಳಿಯನ್ನು ಕೈಯಿಂದ ಎಳೆದು ಮುಚ್ಚುವ ಬಂದೂಕು. ಅದರಿಂದ ಹೊರಬಿದ್ದ ಖಾಲಿ ಕೇಸಿನ (ತೋಟಾದ ಲೋಹದ ಕೊಳವೆಯ) ರಿಮ್, ಅಂದರೆ ಹಿಂಬದಿಯ ಅಂಚು, ಕಚ್ಚಿದ ಹಾಗೆ ಆಗಿದ್ದರೆ ಹೆಚ್ಚಿನವರು ಮೊದಲು ಹುಡುಕುವುದು ಅರ. ರಿಮ್ ಹಿಡಿದು ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆ ಚೂಪಾಗಿದೆ, ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ ಅನ್ನುವ ಲೆಕ್ಕ. ಕೆಲವೊಮ್ಮೆ ಅದು ನಿಜವೇ. ಆದರೆ ಎಷ್ಟೋ ಸಲ ಕೊಕ್ಕೆಯದ್ದು ತಪ್ಪೇ ಇರುವುದಿಲ್ಲ. ಆಗ ಅದನ್ನು ಉಜ್ಜಿ ಮೊಂಡು ಮಾಡಿದರೆ ರಿಮ್ ಹಾಳಾಗುವುದು ನಿಲ್ಲುವುದಿಲ್ಲ, ಕೇಸ್ ಹೊರಗೆ ಬರುವುದೇ ನಿಲ್ಲುತ್ತದೆ!

ಈ ತಪ್ಪು ತೀರ್ಪು ಹಳೆಯದು. 1876ರ ಜೂನ್‌ನಲ್ಲಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಸೇನಾಧಿಕಾರಿ ಕಸ್ಟರ್‌ನ ಜೊತೆಗಿದ್ದ ಸೈನಿಕರ ಐದು ಕಂಪನಿಗಳು ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಮತ್ತು ಷೈಯನ್ ಯೋಧರ ಎದುರು ಪೂರ್ತಿ ನಾಶವಾದವು. ಆ ಸೈನಿಕರ ಕೈಯಲ್ಲಿದ್ದದ್ದು ಒಂದು ಸಲಕ್ಕೆ ಒಂದೇ ಈಡು ತುಂಬುವ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್, ಅಂದರೆ ಗಿಡ್ಡ ರೈಫಲ್. ಅದು ಬೋಲ್ಟ್ ಆಕ್ಷನ್ ಅಲ್ಲ, ಆದರೂ ಕೇಸನ್ನು ರಿಮ್ ಹಿಡಿದೇ ಹೊರಗೆ ತಳ್ಳಬೇಕಿತ್ತು. ಎಕ್ಸ್‌ಟ್ರಾಕ್ಟರ್ ರಿಮ್ ಹರಿದು ಹಾಕಿತು, ಕೇಸ್ ಒಳಗೇ ಉಳಿಯಿತು, ಅದನ್ನು ಚಾಕುವಿನಿಂದ ಕೀಳುತ್ತಾ ಕೂತವರು ಸತ್ತರು ಅನ್ನುವ ಕತೆ ಇವತ್ತಿಗೂ ಓಡುತ್ತಿದೆ. 1983ರಲ್ಲಿ ಅಲ್ಲಿನ ಹುಲ್ಲುಗಾವಲಿಗೆ ಬೆಂಕಿ ಬಿತ್ತು. ನೆಲ ಬಯಲಾಯಿತು. ಮುಂದಿನ ವರ್ಷ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಹುಡುಕಿದಾಗ ಕೇಸುಗಳು ರಾಶಿ ಸಿಕ್ಕವು. ಅವುಗಳಲ್ಲಿ ಚಾಕುವಿನಿಂದ ಕಿತ್ತ ಗುರುತಿದ್ದವು ತೀರಾ ಕಡಿಮೆ. ಯುದ್ಧ ಸೋತದ್ದು ಕೊಕ್ಕೆಯಿಂದಲ್ಲ. ಸಿಕ್ಕಿಕೊಂಡ ಆ ಕೆಲವು ಕೇಸುಗಳಲ್ಲೂ ದೊಡ್ಡ ಅಪರಾಧಿ ಎಕ್ಸ್‌ಟ್ರಾಕ್ಟರ್ ಅಲ್ಲ, ಕೇಸಿನ ತಾಮ್ರ.

ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ ಭಾಗ. ಇವತ್ತಿನ ರೈಫಲ್‌ನಲ್ಲಿ ಈಡು ಹಾರಿದಾಗ ಕೇಸಿನೊಳಗೆ ಸುಮಾರು 4,000 ವಾತಾವರಣದಷ್ಟು ಒತ್ತಡ ಹುಟ್ಟುತ್ತದೆ. ಕೇಸ್ ಉಬ್ಬಿ ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಗೋಡೆಗೆ ಅಂಟಿಕೊಳ್ಳುತ್ತದೆ. ಅದು ಅಂಟಲೇಬೇಕು, ಇಲ್ಲದಿದ್ದರೆ ಅನಿಲ ಹಿಂದಕ್ಕೆ ನುಗ್ಗುತ್ತದೆ. ಚೇಂಬರಿನ ಉಕ್ಕೂ ಕೂದಲೆಳೆಯಷ್ಟು ಹಿಗ್ಗುತ್ತದೆ. ಗುಂಡು ನಳಿಗೆ ದಾಟಿತು, ಒತ್ತಡ ಇಳಿಯಿತು. ಈಗ ಎರಡೂ ಹಿಂದಕ್ಕೆ ಕುಗ್ಗುತ್ತವೆ. ಕೇಸ್ ಉಕ್ಕಿಗಿಂತ ಜಾಸ್ತಿ ಕುಗ್ಗಿದರೆ ಸಡಿಲವಾಗುತ್ತದೆ. ಕಡಿಮೆ ಕುಗ್ಗಿದರೆ ಉಕ್ಕು ಅದನ್ನು ಅಮುಕಿ ಹಿಡಿಯುತ್ತದೆ. ಎಲ್ಲವೂ ನಿಂತಿರುವುದು ಈ ಪೈಪೋಟಿಯ ಮೇಲೆ.

ಲೋಹ ಎಷ್ಟು ಹಿಂದಕ್ಕೆ ಬರುತ್ತದೆ ಅನ್ನುವುದು ಎರಡು ಗುಣಗಳ ಲೆಕ್ಕ. ಅದು ಶಾಶ್ವತವಾಗಿ ಬಾಗುವ ಮುಂಚೆ ಎಷ್ಟು ಬಲ ತಡೆಯುತ್ತದೆ, ಮತ್ತು ಅದು ಎಷ್ಟು ಪೆಡಸು. ಮೊದಲನೆಯದು ಜಾಸ್ತಿ ಇರಬೇಕು, ಎರಡನೆಯದು ಕಡಿಮೆ. ಕೇಸಿಗೆ ಬಳಸುವ ಹಿತ್ತಾಳೆಯಲ್ಲಿ 70 ಭಾಗ ತಾಮ್ರ, 30 ಭಾಗ ಸತು. ಅದರ ಪೆಡಸುತನ ಉಕ್ಕಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕಾಯಿಸದೆ ಒತ್ತಿ ಎಳೆದು ಗಟ್ಟಿ ಮಾಡಿದ ಹಿತ್ತಾಳೆ ಸುಮಾರು 0.4 ಶೇಕಡಾ ಹಿಂದಕ್ಕೆ ಬರಬಲ್ಲದು. 12 ಮಿಲಿಮೀಟರ್ ವ್ಯಾಸದ ಕೇಸಿನಲ್ಲಿ ಅದು 0.05 ಮಿಲಿಮೀಟರ್. ಇಷ್ಟೇ! ಆದರೆ ಅಷ್ಟು ಸಾಕು. ಮೃದು ತಾಮ್ರ ಇದರ ಅರ್ಧದಷ್ಟೂ ಹಿಂದಕ್ಕೆ ಬರುವುದಿಲ್ಲ. ತೋಟಾದಲ್ಲಿ ಮದ್ದು ಹೆಚ್ಚಾದರೂ ಇದೇ ಗತಿ. ಉಕ್ಕು ಜಾಸ್ತಿ ಹಿಗ್ಗುತ್ತದೆ, ಹಿತ್ತಾಳೆಯೂ ಅದರ ಹಿಂದೆಯೇ ಹಿಗ್ಗಿ ಹೋಗುತ್ತದೆ, ವಾಪಸ್ ಬರುವಾಗ ಉಕ್ಕು ಅದನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ಬೋಲ್ಟ್ ಎಳೆದರೆ ಒಂದು ಮಿಲಿಮೀಟರ್ ಚಿಲ್ಲರೆ ದಪ್ಪದ ರಿಮ್ ಪೂರ್ತಿ ಭಾರ ಹೊರಬೇಕು.

ಹಾಗಾಗಿ ಅರ ಕೆಳಗಿಟ್ಟು ಮೊದಲು ಭೂತಗನ್ನಡಿ ತೆಗೆದುಕೊಳ್ಳಿ. ಹಿತ್ತಾಳೆ ಯಾವ ಕಡೆಗೆ ಬಾಗಿದೆ ನೋಡಿ. ರಿಮ್‌ನ ಮುಂಬದಿಯಲ್ಲಿ ತಗ್ಗು ಬಿದ್ದು, ಅಂಚು ಹಿಂದಕ್ಕೆ, ಅಂದರೆ ಬೋಲ್ಟ್ ಕಡೆಗೆ ಮಡಚಿದ್ದರೆ ಅದು ಎಳೆತದ ಗಾಯ. ಕೇಸ್ ಸಿಕ್ಕಿಕೊಂಡಿತ್ತು, ಕೊಕ್ಕೆ ತನ್ನ ಕೆಲಸ ಮಾಡಿದೆ. ಚೇಂಬರ್ ಗಲೀಜಾಗಿದೆಯೋ, ತುಕ್ಕು ಹಿಡಿದು ಒರಟಾಗಿದೆಯೋ, ತೋಟಾದಲ್ಲಿ ಮದ್ದು ಹೆಚ್ಚಾಗಿದೆಯೋ ಅಂತ ನೋಡಬೇಕು. ಅಂಚು ಮುಂದಕ್ಕೆ ಬಾಗಿದ್ದರೆ ಅದು ಬೋಲ್ಟ್ ಮುಚ್ಚುವಾಗ ಕೊಕ್ಕೆ ಬಲವಂತವಾಗಿ ರಿಮ್ ಹತ್ತಿ ಹಾರಿದ ಗುರುತು. ರಿಮ್ ಸುತ್ತ ಬಿಲ್ಲಿನಾಕಾರದ ಗೀರು, ಜೊತೆಗೆ ಹಿತ್ತಾಳೆಯ ಸಣ್ಣ ಸಣ್ಣ ಚೂರು ಕಂಡರೆ ಕತೆಯೇ ಬೇರೆ.

ಆ ಗೀರು ಬೋಲ್ಟ್ ತಿರುಗುವುದರಿಂದ ಬರುತ್ತದೆ. 1962ರಲ್ಲಿ ಬಂದ ರೆಮಿಂಗ್‌ಟನ್ 700ರಂಥ ರೈಫಲ್‌ಗಳಲ್ಲಿ ಎಕ್ಸ್‌ಟ್ರಾಕ್ಟರ್ ಬೋಲ್ಟ್ ತಲೆಯೊಳಗೇ ಕೂತಿರುತ್ತದೆ. ಹಿಡಿ ಎತ್ತಿದರೆ ಅದೂ ಸುತ್ತುತ್ತದೆ, ಕೇಸ್ ಮಾತ್ರ ಚೇಂಬರಿನಲ್ಲಿ ನಿಂತಲ್ಲೇ ನಿಂತಿರುತ್ತದೆ. ಕೊಕ್ಕೆಯ ಮೂಲೆ ಚೂಪಾಗಿದ್ದರೆ ಹಿತ್ತಾಳೆ ಕೆರೆಯದೇ ಇರುತ್ತದಾ? 1898ರ ಮೌಸರ್‌ನಲ್ಲಿ ಈ ಕಾಟ ಇಲ್ಲ. ಅದರ ಉದ್ದನೆಯ ಕೊಕ್ಕೆ ಬೋಲ್ಟ್ ಜೊತೆ ತಿರುಗುವುದೇ ಇಲ್ಲ. ಮ್ಯಾಗಜಿನ್‌ನಿಂದ (ರೈಫಲ್‌ನಲ್ಲಿ ತೋಟಾ ತುಂಬಿಡುವ ಪೆಟ್ಟಿಗೆ) ಏರುವ ತೋಟಾದ ರಿಮ್ ಜಾರಿಕೊಂಡು ಕೊಕ್ಕೆಯ ಅಡಿಗೆ ಹೋಗುತ್ತದೆ. ಆದರೆ ಕೆಲವರು ತೋಟಾವನ್ನು ಕೈಯಲ್ಲೇ ಚೇಂಬರಿಗೆ ಹಾಕಿ ಬೋಲ್ಟ್ ಬಡಿದು ಮುಚ್ಚುತ್ತಾರೆ. ಈ ಕೊಕ್ಕೆ ಹಾರಲೆಂದು ಮಾಡಿದ್ದಲ್ಲ. ರಿಮ್ ಜಜ್ಜಿಹೋಗುತ್ತದೆ, ಕೊಕ್ಕೆ ಮುರಿಯಲೂಬಹುದು. ಇದಕ್ಕೆ ರಿಪೇರಿ ಬೇಕಿಲ್ಲ, ಮ್ಯಾಗಜಿನ್‌ನಿಂದ ತುಂಬಿದರೆ ಸಾಕು.

ಎಳೆತದ ಗಾಯಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ನೋಡುವುದಿಲ್ಲ. ಬಿಗಿಯಾದ ಡಬ್ಬಿ ಮುಚ್ಚಳವನ್ನು ನಾವು ನೇರ ಎಳೆಯುವುದಿಲ್ಲ, ಮೊದಲು ತಿರುಗಿಸಿ ಸಡಿಲಿಸುತ್ತೇವೆ. ಬೋಲ್ಟ್ ಕೂಡ ಹಾಗೆಯೇ. ಹಿಡಿ ಎತ್ತುವಾಗ ಅದರ ಬುಡ ರಿಸೀವರ್‌ನ (ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟು) ಓರೆ ಮೈಗೆ ತಾಗಿ ಬೋಲ್ಟನ್ನು ಸ್ವಲ್ಪವೇ ಹಿಂದಕ್ಕೆ ದಬ್ಬುತ್ತದೆ. ನಿಮ್ಮ ಕೈ ಹಲವು ಸೆಂಟಿಮೀಟರ್ ಹೋದರೆ ಕೇಸ್ ಕೆಲವೇ ಮಿಲಿಮೀಟರ್ ಸರಿಯುತ್ತದೆ. ಆ ಲೆಕ್ಕದಲ್ಲೇ ಬಲ ಹಲವು ಪಟ್ಟಾಗುತ್ತದೆ, ಅದೂ ಜರ್ಕ್ ಇಲ್ಲದೆ. ಹಿಡಿಯನ್ನು ತಪ್ಪು ಜಾಗದಲ್ಲಿ ಬೆಸೆದಿದ್ದರೆ, ಇಲ್ಲವೇ ಆ ಓರೆ ಮೈ ಸವೆದಿದ್ದರೆ ಈ ಸಹಾಯ ಸಿಗುವುದಿಲ್ಲ. ಆಗ ಹಿಡಿಯನ್ನು ಬಡಿದು ಎಳೆಯಬೇಕಾಗುತ್ತದೆ, ರಿಮ್ ಹರಿಯುತ್ತದೆ.

ಕೇಸ್ ಸಲೀಸಾಗಿ ಬರಲಿ ಅಂತ ತೋಟಾಕ್ಕೆ ಎಣ್ಣೆ ಸವರುವವರೂ ಇದ್ದಾರೆ. ದಯವಿಟ್ಟು ಬೇಡ. ಕೇಸ್ ಗೋಡೆ ಹಿಡಿದು ನಿಂತಾಗ ಹಿಂದಕ್ಕೆ ಒದೆಯುವ ಬಲದಲ್ಲಿ ಒಂದು ಪಾಲನ್ನು ಗೋಡೆಯೇ ಹೊರುತ್ತದೆ. ಎಣ್ಣೆ ಹಚ್ಚಿದರೆ ಆ ಪಾಲೂ ಬೋಲ್ಟ್ ಮೇಲೆ ಬೀಳುತ್ತದೆ.

ಕೊಕ್ಕೆಯದ್ದೇ ತಪ್ಪು ಅಂತ ಖಾತ್ರಿಯಾದರೆ ಕೆಲಸ ಸಣ್ಣದು. ರೈಫಲ್ ಖಾಲಿ ಇರಬೇಕು, ಬೋಲ್ಟ್ ಹೊರಗೆ ತೆಗೆದಿರಬೇಕು, ಪರೀಕ್ಷೆಗೆ ಮದ್ದೂ, ಮದ್ದಿಗೆ ಕಿಡಿ ಕೊಡುವ ಪ್ರೈಮರೂ ಇಲ್ಲದ ಡಮ್ಮಿ ತೋಟಾ ಬೇಕು. ಮೊದಲು ಕೊಕ್ಕೆಯ ಹಿಂದಿನ ಸಂದಿ ಶುಚಿ ಮಾಡಿ. ಅಲ್ಲಿ ಕೂತ ಹಿತ್ತಾಳೆ ಚೂರೇ ಸ್ಪ್ರಿಂಗನ್ನು ಬಿಗಿ ಮಾಡಿರುತ್ತದೆ, ಎಷ್ಟೋ ಸಲ ರಿಪೇರಿ ಇಲ್ಲಿಗೇ ಮುಗಿಯುತ್ತದೆ. ಆಮೇಲೆ ಡಮ್ಮಿಯ ರಿಮ್‌ಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಕೊಕ್ಕೆಯ ಅಡಿ ತೂರಿಸಿ. ಶಾಯಿ ಎಲ್ಲಿ ಅಳಿಸಿತೋ ಅಲ್ಲಿ ಉಜ್ಜುತ್ತಿದೆ. ಕೊಕ್ಕೆಯ ತುದಿ ಕೇಸಿನಲ್ಲಿ ರಿಮ್‌ನ ಮುಂದಿರುವ ತೋಡಿನ ತಳಕ್ಕೆ ತಾಗುತ್ತಿದ್ದರೂ ಗೊತ್ತಾಗುತ್ತದೆ. ತೀರಾ ನುಣುಪಾದ ಸಾಣೆಕಲ್ಲಿನಿಂದ ಚೂಪು ಮೂಲೆಯನ್ನೂ ಮುಂದಿನ ಇಳಿಜಾರನ್ನೂ ನಯ ಮಾಡಿ, ಮತ್ತೆ ಶಾಯಿ ಬಳಿದು ನೋಡಿ. ರಿಮ್ ಹಿಡಿದು ಎಳೆಯುವ ಒಳಮುಖವನ್ನು ಮಾತ್ರ ಮುಟ್ಟಬೇಡಿ, ಅದು ಓರೆಯಾದರೆ ಕೊಕ್ಕೆ ಜಾರುತ್ತದೆ. ಬೆಂಕಿಗೆ ಹಿಡಿದು ಬಾಗಿಸುವುದಂತೂ ಬೇಡವೇ ಬೇಡ, ಸ್ಪ್ರಿಂಗ್ ಉಕ್ಕಿನ ಹದ ಕೆಡುತ್ತದೆ. ಕೊನೆಗೆ ಬೋಲ್ಟನ್ನು ಮಟ್ಟವಾಗಿ ಹಿಡಿದಾಗ ಡಮ್ಮಿ ಬೀಳದೆ ನಿಲ್ಲಬೇಕು, ಬೆರಳಿನಿಂದ ದೂಡಿದರೆ ಜಾರಬೇಕು. ಇಷ್ಟಾದ ಮೇಲೂ ರಿಮ್ ಹಿಂದಕ್ಕೇ ಮಡಚುತ್ತಿದ್ದರೆ ಗನ್‌ಸ್ಮಿತ್ ಹತ್ತಿರ ಹೋಗಿ ಚೇಂಬರ್ ಅಳೆಸಿ. ಹೋಗುವಾಗ ಹಾಳಾದ ಕೇಸುಗಳನ್ನೂ ಒಯ್ಯಿರಿ.