ಶೇ. 35ಕ್ಕೆ ನಿಂತ ಬಟವಾಡೆ

ಎರಡು ಮಳೆಗಾಲದ ಹಿಂದಿನ ಮಾತು. ಕಕ್ಕಡ ತಿಂಗಳು, ಅಂದರೆ ಜುಲೈ-ಆಗಸ್ಟ್ ನಡುವಿನ ಜೋರು ಮಳೆ. ಶನಿವಾರ, ಬೆಳಗ್ಗೆ ಏಳೂವರೆ. ತೋಟದ ಕೆಲಸದವರ ಬಟವಾಡೆ ಲೆಕ್ಕ ಪೂರ್ತಿ ನಮ್ಮ ಮನೆಯ ಕಂಪ್ಯೂಟರಿನಲ್ಲಿತ್ತು. ಆನ್ ಮಾಡಿದರೆ ನೀಲಿ ಪರದೆ. ಬಿಳಿ ಚುಕ್ಕಿಗಳು ಸುತ್ತುತ್ತಿದ್ದವು. ಅಪ್‌ಡೇಟ್ ಶೇ. 35 ಆಗಿದೆ, ಆಫ್ ಮಾಡಬೇಡಿ ಅಂತ ಬರೆದಿತ್ತು. ನಾವೆಲ್ಲಿ ಆಫ್ ಮಾಡ್ತೀವಿ? ಮೇಲಿನ ತೋಟದಲ್ಲಿ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು, ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಸಂಜೆ ಕರೆಂಟ್ ಬಂದ ಮೇಲೆ, ಮಾಡಿದ್ದನ್ನೆಲ್ಲ ವಾಪಸ್ ತೆಗೆಯುತ್ತಾ ಕಂಪ್ಯೂಟರ್ ಇನ್ನೊಂದು ಗಂಟೆ ತಿಂದಿತು. ಅಷ್ಟರಲ್ಲಿ ಹಳೇ ಪುಸ್ತಕದಲ್ಲಿ ಪೆನ್ನಲ್ಲಿ ಲೆಕ್ಕ ಬರೆದು ಬಟವಾಡೆ ಮುಗಿಸಿದ್ದೆವು.

ಕೇಳದೆ ಬರುವ ಈ ಅಪ್‌ಡೇಟ್ ಮೊದಲಿನಿಂದಲೂ ಹೀಗಿರಲಿಲ್ಲ. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 98ರ ಕಾಲದಲ್ಲಿ ಬೇಕಾದವರು ತಾವೇ ಹೋಗಿ ತರಬೇಕಿತ್ತು. ಹೆಚ್ಚಿನವರು ಹೋಗುತ್ತಲೇ ಇರಲಿಲ್ಲ. 2000ದಲ್ಲಿ ಬಂದ ವಿಂಡೋಸ್ ಎಂಇ ಮೊದಲ ಸಲ ತಾನೇ ಹೋಗಿ ತರುವುದನ್ನು ಕಲಿಯಿತು. ಆಗಲೂ ಬೇಡ ಅಂದರೆ ಬೇಡ, ಅಷ್ಟೇ.

2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳ, ಅಂದರೆ ನೆಟ್‌ನಲ್ಲಿ ತಾನೇ ಹರಡುವ ವೈರಸ್ಸಿನಂಥದ್ದು, ಬಂತು. ನೆಟ್‌ಗೆ ಹಾಕಿದ ಕಂಪ್ಯೂಟರ್ 60 ಸೆಕೆಂಡ್ ಎಣಿಸಿ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ಅದಕ್ಕೆ ಮದ್ದು ಜುಲೈಯಲ್ಲೇ ಸಿದ್ಧವಿತ್ತು, ಜನ ಹಾಕಿಕೊಂಡಿರಲಿಲ್ಲ. ಇನ್ನು ಬಳಸುವವರ ಕೈಗೆ ಬಿಟ್ಟರೆ ಆಗಲ್ಲ ಎಂಬ ವಾದ ಬಲವಾದದ್ದು ಆಗಲೇ. ಅದೇ ಅಕ್ಟೋಬರ್‌ನಿಂದ ತಿಂಗಳ ಎರಡನೇ ಮಂಗಳವಾರ ತೇಪೆ (ದೋಷ ಮುಚ್ಚುವ ಅಪ್‌ಡೇಟ್) ಬಿಡುವ ಪದ್ಧತಿ ಶುರುವಾಯಿತು. ಅಮೆರಿಕದಲ್ಲಿ ಬೆಳಗ್ಗೆ ಬಿಟ್ಟಾಗ ನಮಗೆ ರಾತ್ರಿ ಹತ್ತೂವರೆ ದಾಟಿರುತ್ತದೆ. ಹಾಗಾಗಿ ನಮ್ಮಲ್ಲಿ ಗೊತ್ತಾಗುವುದು ಬುಧವಾರ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್, ಅಂದರೆ ತೇಪೆಗಳ ದೊಡ್ಡ ಗಂಟು, ಬಂತು. ಪೂರ್ತಿ ಪ್ಯಾಕ್ ಸುಮಾರು 266 ಎಂಬಿ. 56 ಕೆ ಮೋಡೆಮ್ ಒಂದು ಕ್ಷಣವೂ ನಿಲ್ಲದೆ ಪೂರ್ತಿ ವೇಗದಲ್ಲಿ ಓಡಿದರೂ ಹತ್ತು ಗಂಟೆ ಬೇಕು! ಅಷ್ಟು ಹೊತ್ತು ಮಳೆಗಾಲದಲ್ಲಿ ಕೊಡಗಿನ ಲ್ಯಾಂಡ್‌ಲೈನ್ ಬದುಕಿರಬೇಕಲ್ಲ? ಸಿಡಿ ಸಿಕ್ಕವರು ಪುಣ್ಯವಂತರು.

ಮುಂದಿನ ಹತ್ತು ವರ್ಷ ಹಾಗೇ ಕಳೆಯಿತು. ಬೇಕಾದವರು ಹಾಕಿದರು, ಬೇಡದವರು ಆಫ್ ಮಾಡಿದರು.

ನಿಜವಾದ ಜಗಳ ಶುರುವಾಗಿದ್ದು 2015ರ ಜುಲೈ 29ಕ್ಕೆ, ವಿಂಡೋಸ್ 10 ಬಂದಾಗ. ಮನೆಗೆ ಕೊಡುವ ಹೋಮ್ ಆವೃತ್ತಿಯಲ್ಲಿ ಬೇಡ ಅನ್ನುವ ಗುಂಡಿಯನ್ನೇ ತೆಗೆದುಹಾಕಿದ್ದರು. ಆಫೀಸುಗಳು ಕೊಳ್ಳುವ ಪ್ರೊ ಆವೃತ್ತಿಯಲ್ಲಿ ಮುಂದೂಡುವ ದಾರಿ ಇತ್ತು. ಹಳೇ ವಿಂಡೋಸ್ 7 ಇಟ್ಟುಕೊಂಡವರಿಗೂ ನೆಮ್ಮದಿ ಇರಲಿಲ್ಲ. ಹೊಸದಕ್ಕೆ ಬನ್ನಿ ಅಂತ ಪದೇ ಪದೇ ಕಿಟಕಿ ತೆರೆಯುತ್ತಿತ್ತು. 2016ರಲ್ಲಿ ಒಂದು ಹಂತದಲ್ಲಂತೂ ಮೂಲೆಯ ಕೆಂಪು ಗುರುತು ಒತ್ತಿ ಮುಚ್ಚಿದರೂ ಒಪ್ಪಿಗೆ ಅಂತಲೇ ಲೆಕ್ಕ. ಬಾಗಿಲು ಹಾಕಿದ್ದನ್ನೇ 'ಬನ್ನಿ' ಅಂದ ಹಾಗೆ ಅರ್ಥ ಮಾಡಿಕೊಂಡರೆ ಹೇಗೆ? ಆಗ ಗೆರೆ ದಾಟಿಬಿಟ್ಟೆವು ಅಂತ ಕಂಪನಿಯ ಮಾರ್ಕೆಟಿಂಗ್ ಮುಖ್ಯಸ್ಥರೇ ಆ ವರ್ಷದ ಕೊನೆಗೆ ಒಪ್ಪಿಕೊಂಡರು.

ಅದೇ ವರ್ಷ 'ಆಕ್ಟಿವ್ ಅವರ್ಸ್' ಬಂತು. ನೀವು ಕೆಲಸ ಮಾಡುವ ಹೊತ್ತು ಹೇಳಿ, ಆ ಹೊತ್ತಿನಲ್ಲಿ ರೀಸ್ಟಾರ್ಟ್ ಮಾಡುವುದಿಲ್ಲ ಎಂಬ ಏರ್ಪಾಡು. ಕೇಳೋಕೆ ಚೆನ್ನಾಗಿದೆ. ಈಗ ಅದನ್ನು 18 ಗಂಟೆಯವರೆಗೂ ಹಿಗ್ಗಿಸಬಹುದು. ಆದರೆ ಮಿಕ್ಕ ಆರು ಗಂಟೆ, ಅಂದರೆ ರಾತ್ರಿ, ಕಂಪ್ಯೂಟರ್ ಆನ್ ಇರುತ್ತದೆ ಅನ್ನುವುದು ಅದರ ಲೆಕ್ಕ. ನಮ್ಮಲ್ಲಿ ಯಾರು ಇಡ್ತಾರೆ? ಏಪ್ರಿಲ್‌ನಲ್ಲಿ ಗುಡುಗು ಶುರುವಾದರೆ ಟಿವಿ, ಮೋಡೆಮ್, ಕಂಪ್ಯೂಟರ್ ಎಲ್ಲದರ ಪ್ಲಗ್ ಕಿತ್ತಿಡುವುದು ಕೊಡಗಿನ ಮನೆಗಳಲ್ಲಿ ದಿನದ ಅಭ್ಯಾಸ. ಸಿಡಿಲಿಗೆ ಒಂದು ಮೋಡೆಮ್ ಸುಟ್ಟರೆ ಸಾಕು, ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾತ್ರಿ ಆಗಬೇಕಾದ ಕೆಲಸ ಹೀಗೆ ಬಾಕಿ ಉಳಿದು, ಬೆಳಗ್ಗೆ ಅವಸರದಲ್ಲಿ ಆನ್ ಮಾಡಿದಾಗ ಕುತ್ತಿಗೆಗೆ ಬರುತ್ತದೆ. ಕರೆಂಟು, ನೆಟ್ಟು ಎರಡೂ ಸದಾ ಇರುವ ಊರಿಗೆ ಹೊಲಿದ ಅಂಗಿ ಇದು. ನಾಪೋಕ್ಲುವಿಗೋ ಭಾಗಮಂಡಲಕ್ಕೋ ಅಳತೆ ತೆಗೆದಿರಲಿಲ್ಲ.

ನೆಟ್ಟಿನ ಕಥೆಯೂ ಅದೇ. ಕೇಬಲ್ ಬಾರದ ಮನೆಗಳಲ್ಲಿ ಫೋನಿನ ಹಾಟ್‌ಸ್ಪಾಟೇ ಗತಿ. ದಿನಕ್ಕೆ ಒಂದೂವರೆ ಜಿಬಿ ಸಿಕ್ಕರೆ, ಅದರಲ್ಲಿ ಅರ್ಧ ಅಪ್‌ಡೇಟಿಗೆ ಹೋದದ್ದು ಗೊತ್ತಾಗುವುದು ಮಗುವಿನ ಆನ್‌ಲೈನ್ ಕ್ಲಾಸ್ ನಿಂತಾಗ. ವೈಫೈ ಸೆಟ್ಟಿಂಗ್‌ನಲ್ಲಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿದರೆ ಹೆಚ್ಚಿನ ಅಪ್‌ಡೇಟುಗಳು ನಿಲ್ಲುತ್ತವೆ. ಈ ಸೌಲಭ್ಯ ವಿಂಡೋಸ್ 10ರಲ್ಲಿ ಮೊದಲಿನಿಂದಲೂ ಇದೆ, ಹೇಳುವವರಿರಲಿಲ್ಲ ಅಷ್ಟೇ.

ಆಗ ಊರಿನ ರಿಪೇರಿ ಅಂಗಡಿಗಳಲ್ಲಿ ಒಂದು ಮಾತು ಓಡಾಡುತ್ತಿತ್ತು. "ಅಪ್‌ಡೇಟ್ ಪೂರ್ತಿ ಆಫ್ ಮಾಡಿ ಕೊಡ್ಲಾ ಸಾರ್?" ನಾನೂ ಮಾಡಿಸಿದೆ. ಮೂರು ವಾರಕ್ಕೆ ಅದು ತಾನೇ ಆನ್ ಆಯಿತು. ಆಫ್ ಮಾಡಿದ್ದನ್ನು ಸರಿಪಡಿಸಿ ಎಬ್ಬಿಸುವುದಕ್ಕೇ ಒಳಗೆ ಇನ್ನೊಂದು ಸರ್ವಿಸ್ ಇಟ್ಟಿದ್ದಾರೆ, ಹೆಸರು ಮೆಡಿಕ್! ಹಾಗಂತ ಪೂರ್ತಿ ಆಫ್ ಇಡುವುದೂ ಬುದ್ಧಿವಂತಿಕೆಯಲ್ಲ. 2017ರ ಮೇ 12ರಂದು ವಾನಾಕ್ರೈ ಹರಡಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದಾಗ, ಅದರ ತೇಪೆ ಮಾರ್ಚ್‌ನಲ್ಲೇ ಬಂದಿತ್ತು. ಮತ್ತೆ ಬ್ಲಾಸ್ಟರ್ ಕಥೆಯೇ. ಇನ್ನೊಂದು ಕಡೆ, 2018ರ ಅಕ್ಟೋಬರ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್‌ಗಳನ್ನೇ ಅಳಿಸಿತು. ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ಹಾಕದಿದ್ದರೆ ಕಳ್ಳನ ಭಯ, ಹಾಕಿದರೆ ಕಾವಲುಗಾರನ ಭಯ.

ಕೊನೆಗೆ 2019ರ ಮೇ ತಿಂಗಳ ಆವೃತ್ತಿಯಲ್ಲಿ ಮನೆಯವರಿಗೂ 'ಪಾಸ್' (Pause) ಗುಂಡಿ ಕೊಟ್ಟರು. ಏಳೇಳು ದಿನದಂತೆ 35 ದಿನದವರೆಗೆ ನಿಲ್ಲಿಸಬಹುದು. ಆಮೇಲೆ ಬಾಕಿ ಇರುವುದನ್ನು ಹಾಕಿಕೊಂಡರೆ ಮಾತ್ರ ಮತ್ತೆ ನಿಲ್ಲಿಸಲು ಬಿಡುತ್ತದೆ. ನಾಲ್ಕು ವರ್ಷ ತಡವಾದರೂ ನನ್ನ ಮಟ್ಟಿಗೆ ಉಪಯೋಗಕ್ಕೆ ಬಂದದ್ದು ಇದೊಂದೇ. ಕಾಫಿ ಕೊಯ್ಲಿನ ಹೊತ್ತಿಗೆ ಪಾಸ್. ಮಳೆ ಬಿಟ್ಟ ಒಂದು ಭಾನುವಾರ, ಕರೆಂಟ್ ಇದ್ದಾಗ, ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟು ನಾನೇ ಅಪ್‌ಡೇಟ್ ಒತ್ತುತ್ತೇನೆ. ಆ ಕಕ್ಕಡದ ಶನಿವಾರ ಪಾಸ್ ಮುಗಿದಿದ್ದನ್ನು ನೋಡಿರಲಿಲ್ಲ.

ಈಗ ಕಥೆ ತಿರುಗಿದೆ. 2025ರ ಅಕ್ಟೋಬರ್ 14ಕ್ಕೆ, ಕಾವೇರಿ ಸಂಕ್ರಮಣಕ್ಕೆ ಮೂರು ದಿನ ಮೊದಲು, ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ ಬೇಕು. ನಮ್ಮ ಹಳೇ ಕಂಪ್ಯೂಟರಿನಲ್ಲಿ ಅದಿಲ್ಲ. ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ತೇಪೆಗಳು ಬರುತ್ತವೆ. ಹತ್ತು ವರ್ಷ ಅಪ್‌ಡೇಟ್ ಬೇಡ ಅಂತ ಬೈದುಕೊಂಡವನು, ಹೋದ ವರ್ಷ ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಕೂತು ಬೇಕು ಅಂತ ಹೆಸರು ಬರೆಸಿದೆ.