ಕ್ಯಾಮೆರಾಗಳ ಕಾಲದಲ್ಲಿ ಹಳೆಯ ಪತ್ತೇದಾರಿ ಕಥೆಗಳು

ಪ್ರಶ್ನೆ: ಬೆಂಗಳೂರಿನ ಬೀದಿಬೀದಿಗಳಲ್ಲಿ ಸಿಸಿಟಿವಿ, ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ, ಇಂದು ಪತ್ತೇದಾರಿ ಕಾದಂಬರಿ ಬರೆಯುವ ನೀವು ಹಳೆಯ ಕೃತಿಗಳಿಂದ ಕಲಿಯುವುದು ಏನಿದೆ?

ಉತ್ತರ: ಸುಳಿವು ಸಿಗದಿದ್ದರೆ ಮಾತ್ರ ರಹಸ್ಯ ಉಳಿಯುತ್ತದೆ ಎಂಬ ನಂಬಿಕೆಯಿಂದ ಈ ಪ್ರಶ್ನೆ ಹುಟ್ಟುತ್ತದೆ. ಕಣ್ಣೆದುರಿಗಿರುವ ಸುಳಿವನ್ನೇ ನಾವು ತಪ್ಪಾಗಿ ಓದುತ್ತೇವೆ ಎಂಬುದನ್ನು ಹಳೆಯ ಲೇಖಕರು ಚೆನ್ನಾಗಿ ಬಲ್ಲವರಾಗಿದ್ದರು.

1892ರಲ್ಲಿ ಪ್ರಕಟವಾದ ಆರ್ಥರ್ ಕಾನನ್ ಡಾಯ್ಲ್ ಅವರ ‘ಸಿಲ್ವರ್ ಬ್ಲೇಜ್’ ಕಥೆಯಲ್ಲಿ ಪಂದ್ಯದ ಕುದುರೆಯೊಂದು ರಾತ್ರಿ ಲಾಯದಿಂದ ಕಾಣೆಯಾಗುತ್ತದೆ. ಲಾಯದ ನಾಯಿ ಬೊಗಳಲೇ ಇಲ್ಲವಾದ್ದರಿಂದ ಬಂದವನು ಅದಕ್ಕೆ ಪರಿಚಿತನೇ ಇರಬೇಕೆಂದು ಷರ್ಲಾಕ್ ಹೋಮ್ಸ್ ಊಹಿಸುತ್ತಾನೆ. ಆ ನಾಯಿಯ ಜಾಗದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿರುವ ರಿಜಿಸ್ಟರನ್ನು ಇಟ್ಟು ನೋಡಿ. ಡೆಲಿವರಿ ಹುಡುಗರು, ಪ್ಲಂಬರ್, ಊರಿಂದ ಬಂದ ನೆಂಟರು, ಹೀಗೆ ಪ್ರತಿಯೊಬ್ಬರ ಹೆಸರು, ಫೋನ್ ನಂಬರ್ ಮತ್ತು ಬಂದ ಹೊತ್ತು ಅದರಲ್ಲಿ ದಾಖಲಾಗಿರುತ್ತವೆ. ಆದರೆ ಅಲ್ಲಿಯೇ ವಾಸವಿರುವವರಿಗೆ ಸೆಕ್ಯೂರಿಟಿಯವರು ನಮಸ್ಕರಿಸಿ ಗೇಟು ತೆರೆಯುತ್ತಾರೆಯೇ ಹೊರತು ಸಹಿ ಕೇಳುವುದಿಲ್ಲ. ಕ್ಯಾಮೆರಾದಲ್ಲಿ ಆ ಮುಖ ಕಂಡರೂ ನೋಡುವವರ ಗಮನ ಅದರ ಮೇಲೆ ನಿಲ್ಲುವುದಿಲ್ಲ.

ಎರಡನೆಯ ಪಾಠ ಪ್ರಾಮಾಣಿಕತೆಯದು, ನನಗೆ ಅತ್ಯಂತ ಮುಖ್ಯವಾದುದೂ ಅದೇ. ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗಾಗಿ ಹತ್ತು ನಿಯಮಗಳನ್ನು ರೂಪಿಸಿದರು; ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದಲ್ಲಿಯೇ ಬರಬೇಕು ಎಂಬುವು ಅವುಗಳಲ್ಲಿ ಸೇರಿವೆ. ಹಾಗಾದರೆ ಬಚ್ಚಿಡುವುದೆಲ್ಲಿ? ಮುಖ್ಯವಾದ ವಸ್ತುವನ್ನು ಏಳೆಂಟು ಸಾಮಾನ್ಯ ವಸ್ತುಗಳ ನಡುವೆ ಹೆಸರಿಸುವುದು, ಅಥವಾ ಓದುಗನ ಮನಸ್ಸು ಒಂದು ಜಗಳದಲ್ಲಿಯೋ ಸಾವಿನ ದುಃಖದಲ್ಲಿಯೋ ಮುಳುಗಿರುವ ಕ್ಷಣದಲ್ಲಿ ಸುಳಿವನ್ನು ಅರ್ಧ ವಾಕ್ಯದಲ್ಲಿ ದಾಟಿಸುವುದು, ಇವೆರಡನ್ನೂ ನಾನು ಅಗಾಥಾ ಕ್ರಿಸ್ಟಿಯವರನ್ನು ಮತ್ತೆ ಮತ್ತೆ ಓದಿ ಕಲಿತೆ.

ಈ ಪರಂಪರೆ ನಮಗೆ ಅಷ್ಟೇನೂ ದೂರದ್ದಲ್ಲ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಆರಂಭವಾಗುವುದೇ 1799ರ ಶ್ರೀರಂಗಪಟ್ಟಣದ ಪತನದಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ವಜ್ರವನ್ನು ದೋಚುವುದರೊಂದಿಗೆ. ಮುಂದೆ ಹಲವರು ಸರದಿಯಂತೆ ತಾವು ಕಂಡಷ್ಟನ್ನೇ ನಿರೂಪಿಸುತ್ತ ಹೋಗುತ್ತಾರೆ, ಯಾರೂ ಸುಳ್ಳು ಹೇಳದಿದ್ದರೂ ಸತ್ಯ ಕೊನೆಯವರೆಗೆ ಕೈಗೆಟುಕುವುದಿಲ್ಲ. (ಓದದವರ ಸುಖವನ್ನು ಕಸಿಯಬಾರದೆಂದು ಹೆಚ್ಚು ಹೇಳುವುದಿಲ್ಲ.) ಕನ್ನಡದಲ್ಲಿ ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ನೂರಾರು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ಅಸಂಖ್ಯ ಜನರಿಗೆ ಓದಿನ ರುಚಿ ಹತ್ತಿಸಿದರು; ಅವರ ಋಣ ನನ್ನ ಮೇಲೂ ಇದೆ.

ಹಸ್ತಪ್ರತಿ ಮುಗಿದ ಮೇಲೆ ನಾನು ಅದನ್ನು ಇಬ್ಬರು ಗೆಳೆಯರಿಗೆ ಓದಲು ಕೊಡುತ್ತೇನೆ. ಅಪರಾಧಿ ಯಾರೆಂದು ಮೊದಲೇ ತಿಳಿಯಿತೇ ಎಂದು ಕೇಳುವುದಿಲ್ಲ. ತಿಳಿದ ಮೇಲೆ ಹಿಂದಿನ ಪುಟಗಳಿಗೆ ಮರಳಿದಾಗ ಸುಳಿವು ಅಲ್ಲಿಯೇ ಇತ್ತೇ ಎಂದು ಕೇಳುತ್ತೇನೆ. ಇಲ್ಲವೆಂದು ಅವರು ಹೇಳಿದರೆ ಆ ಅಧ್ಯಾಯವನ್ನು ಮತ್ತೆ ಬರೆಯುತ್ತೇನೆ.